ಎರಡು ಬೆರಳು

"ಎಪ್ಪತ್ತೈದು" ಎಂದ ಟೇಪು ಹಿಡಿದವನು.

"ಇನ್ನೊಂದ್ಸಲ ನೋಡಿ ಸಾರ್. ಮನೇಲಿ ಎಪ್ಪತ್ತೆಂಟಿತ್ತು."

"ಮನೇಲಿ ಎಲ್ಲರದ್ದೂ ಜಾಸ್ತೀನೇ ಇರತ್ತಪ್ಪ" ಎನ್ನುತ್ತ ಅವನು ಮತ್ತೆ ಸುತ್ತಿದ. ಎಪ್ಪತ್ತೈದೇ ಬಂತು. ಸೈನ್ಯದ ಅಕಾಡೆಮಿಗೆ ಸೇರುವವರ ಎದೆ ಸುತ್ತಳತೆ ಎಪ್ಪತ್ತೇಳು ಸೆಂಟಿಮೀಟರಿಗಿಂತ ಕಡಿಮೆ ಇರುವ ಹಾಗಿಲ್ಲ. ಡಾಕ್ಟರು ತಲೆ ಎತ್ತದೆ ಬರೆದುಕೊಂಡರು. "ಇಪ್ಪತ್ತು ದಿನ ಬಿಟ್ಟು ಬಾ. ಅದೇ ಕೊನೇದು."

ಹುಡುಗ ಅಂಗಿ ಎತ್ತಿಕೊಂಡ. ಎರಡು ಸಲ ಫೇಲಾಗಿ ಮೂರನೇ ಸಲಕ್ಕೆ ಲಿಖಿತ ಪರೀಕ್ಷೆ ದಾಟಿದ್ದ. ಐದು ದಿನದ ಸಂದರ್ಶನವನ್ನೂ ಹೇಗೋ ಮುಗಿಸಿದ್ದ. ಇನ್ನೊಮ್ಮೆ ಬರೆಯೋಣವೆಂದರೆ ವಯಸ್ಸು ದಾಟುತ್ತಿತ್ತು. ಇಷ್ಟೆಲ್ಲ ಆದಮೇಲೆ ಎರಡೇ ಎರಡು ಸೆಂಟಿಮೀಟರು ಅಡ್ಡ ಬರುವುದೆಂದರೇನು? ಅಂಗಿಯ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡು ಹೊರಗೆ ಬಂದ.

ಅವನ ಅಪ್ಪ ಟೇಲರು. ಮಗ ಆಫೀಸರಾಗುತ್ತಾನೆಂದು ಬೀದಿಯಲ್ಲೆಲ್ಲ ಡಂಗುರ ಸಾರಿಯಾಗಿತ್ತು. ಅಂಗಡಿಯಲ್ಲಿ ಸುದ್ದಿ ಕೇಳಿದವನು ಕತ್ತರಿ ಕೆಳಗಿಟ್ಟು ಗಟ್ಟಿಯಾಗಿಯೇ ನಕ್ಕ.

"ಅವರ ಟೇಪು ಜಗ್ಗಿರತ್ತೆ ಕಣೋ. ಎಳೆದೂ ಎಳೆದೂ ಉದ್ದ ಆದ್ರೆ ಅಳತೆ ಕಮ್ಮಿ ತೋರ್ಸತ್ತೆ. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ನಂಗೆ ಗೊತ್ತಿಲ್ವಾ? ಬಾ ಇಲ್ಲಿ."

ಕೊರಳಲ್ಲಿದ್ದ ಟೇಪು ತೆಗೆದು ಮಗನ ಎದೆಗೆ ಸುತ್ತಿದ. ಆರು ತಿಂಗಳಿಂದ ಪ್ರತಿ ಭಾನುವಾರ ಹೀಗೇ ಅಳೆಯುತ್ತಿದ್ದ. ಎಪ್ಪತ್ತೆಂಟು ತಲುಪಿದ ದಿನ, ಎದೆಯದು ಸಾಕು, ಇನ್ನು ಓಟ ನೋಡಿಕೋ ಎಂದು ದಂಡ ಹೊಡೆಯುವುದನ್ನು ಬಿಡಿಸಿದವನೂ ಅವನೇ.

"ನೋಡು, ಎಪ್ಪತ್ತೆಂಟು!"

ಹುಡುಗ ಬಗ್ಗಿ ನೋಡಿದ. ಟೇಪಿಗೂ ಎದೆಗೂ ನಡುವೆ ಅಪ್ಪನ ಎರಡು ಬೆರಳಿದ್ದವು. ಅಂಗಿ ಮೈಗೆ ಬಿಗಿಯಬಾರದೆಂದು ಅಳೆಯುವಾಗ ಒಳಗೆ ತೂರಿಸುವ ಬೆರಳುಗಳು ಅವು. ಅಭ್ಯಾಸಬಲ, ಮಗನೆಂದು ಬಿಟ್ಟಿರಲಿಲ್ಲ.

"ಅಪ್ಪಾ, ಬೆರಳು ತೆಗಿ."

"ಯಾವ ಬೆರಳು?" ಎಂದವನು ತಾನೂ ನೋಡಿದ. ಮೆಲ್ಲಗೆ ಹೊರಗೆಳೆದುಕೊಂಡ. ಟೇಪು ಸಡಿಲಾಗಿ ಜೋತುಬಿತ್ತು. ಮತ್ತೆ ಬಿಗಿಮಾಡಿ ನೋಡುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಅವತ್ತು ಅಪ್ಪ ಊಟಕ್ಕೆ ಕೂತು ತಟ್ಟೆ ದೂಡಿದ. "ನಾನೇ ಹಾಳುಮಾಡ್ದೆ ಕಣೇ. ಮೊದಲೇ ಸರಿಯಾಗಿ ಹೇಳಿದ್ರೆ ಅವನು ಬೆಳೆಸ್ಕೋತಿದ್ದ."

"ಈಗ ಅತ್ರೆ ಎದೆ ಅಗಲ ಆಗತ್ತಾ? ಉಣ್ಣಿ ಸುಮ್ನೆ" ಎಂದಳು ಅಮ್ಮ. ಹಾಗಂದವಳೂ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು.

ಮಾರನೆಯ ದಿನದಿಂದ ಹುಡುಗ ನೆಲ ಬಿಟ್ಟು ಏಳಲಿಲ್ಲ. ಬೆಳಿಗ್ಗೆ ಇನ್ನೂರು ದಂಡ, ಸಂಜೆ ಇನ್ನೂರು. ನಡುವೆ ಬಾಳೆಹಣ್ಣು, ಹಾಲು, ಬೇಯಿಸಿದ ಮೊಟ್ಟೆ. ಮೊಟ್ಟೆ ಕಂಡರೆ ವಾಕರಿಕೆ ಬರುವಷ್ಟಾಯಿತು. ಅಪ್ಪ ದಿನಾ ಅಳೆಯುತ್ತಿದ್ದ, ಬೆರಳುಗಳನ್ನು ಬಿಸಿ ಇಸ್ತ್ರಿಪೆಟ್ಟಿಗೆ ತಾಗಿದವನಂತೆ ದೂರ ಹಿಡಿದು. ಎಪ್ಪತ್ತೈದೂಕಾಲು. ಎಪ್ಪತ್ತೈದೂವರೆ. ನಾಲ್ಕು ದಿನ ಅಲ್ಲೇ ನಿಂತಿತು. ಹದಿನಾರನೇ ದಿನ ಎಪ್ಪತ್ತಾರು.

ಅದೇ ವಾರ ಶಾಲೆಯ ಗುಮಾಸ್ತ ಹೊಸ ಅಂಗಿ ತೊಟ್ಟುಕೊಂಡೇ ಅಂಗಡಿಗೆ ಬಂದ. ಹೊಟ್ಟೆಯ ಮೇಲೆ ಗುಂಡಿಗಳು ಈಗಲೋ ಆಗಲೋ ಹಾರುವಂತಿದ್ದವು.

"ಏನ್ ಟೇಲರಣ್ಣ, ನನ್ನೂ ಸೈನ್ಯಕ್ಕೆ ಸೇರಿಸ್ತೀಯಾ? ಉಸಿರಾಡೋಕಾಗ್ತಿಲ್ಲ."

ಅವನ ಹಿಂದೆಯೇ ಇನ್ನೂ ಇಬ್ಬರು ಬಿಗಿ ಅಂಗಿ ಹಿಡಿದು ಬಂದರು. ಮಗನಿಗೆಂದು ಹಿಂದೆಗೆದ ಬೆರಳು ಗಿರಾಕಿಗಳಿಗೂ ಹಿಂದೆಗೆದುಹೋಗಿತ್ತು. ಅಪ್ಪ ಯಾರಿಗೂ ಎದುರಾಡದೆ ಮೂರು ಅಂಗಿಗಳನ್ನೂ ಬಿಚ್ಚಿ ಹೊಲಿದುಕೊಟ್ಟ.

ಇಪ್ಪತ್ತನೇ ದಿನ ಬೆಳಿಗ್ಗೆ ಹುಡುಗ ಬ್ಯಾಗು ಹಿಡಿದು ಅಂಗಡಿಗೆ ಬಂದ. ಬಸ್ಸಿಗೆ ಅರ್ಧ ಗಂಟೆಯಿತ್ತು.

"ಒಂದ್ಸಲ ನೋಡ್ಬಿಡೋಣ" ಎಂದ ಅಪ್ಪ.

"ಬೇಡಪ್ಪಾ."

"ಧೈರ್ಯಕ್ಕೆ ಕಣೋ."

ಟೇಪು ಬೆನ್ನಿನ ಸುತ್ತ ಬಂದು ಎದೆಯ ಮೇಲೆ ಕೂಡಿತು. ಈ ಸಲ ಒಳಗೆ ಬೆರಳಿರಲಿಲ್ಲ. ಅಪ್ಪ ಕನ್ನಡಕ ಮೇಲೇರಿಸಿ ಬಗ್ಗಿ ನೋಡಿದ, ಇನ್ನೊಮ್ಮೆ ನೋಡಿದ. ಆಮೇಲೆ ಅಂಕಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡ.

"ಎಪ್ಪತ್ತೇಳು" ಎಂದ. "ಸರಿಯಾಗಿದೆ. ಹೋಗ್ಬಾ."

ಹುಡುಗ ಆ ಹೆಬ್ಬೆರಳನ್ನೇ ನೋಡಿದ. ತೆಗಿ ಅನ್ನಬಹುದಿತ್ತು.

"ಸರಿ ಅಪ್ಪಾ" ಎಂದ. ಅಂಗಿ ಹಾಕಿಕೊಂಡು ಬ್ಯಾಗು ಹೆಗಲಿಗೇರಿಸಿದ.

ಅವನು ಮೆಟ್ಟಿಲಿಳಿಯುವಷ್ಟರಲ್ಲಿ ಮಿಷನ್ನಿನ ಸದ್ದು ಶುರುವಾಗಿತ್ತು. ರಸ್ತೆ ದಾಟಿ ತಿರುಗಿ ನೋಡಿದ. ಅಪ್ಪ ತಲೆ ಬಗ್ಗಿಸಿ ಜೋರಾಗಿ ತುಳಿಯುತ್ತಿದ್ದ. ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ.