ಶೋಕೇಸಿನ ಸುಂದರಾಂಗ

ಮುಖ ತಿದ್ದುವುದರಲ್ಲಿ ನನ್ನದು ಎತ್ತಿದ ಕೈ. ಇದನ್ನು ಜಂಬವೆಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ. ನನ್ನ ಗಂಡ ಫೋಟೊ ತೆಗೆಯುತ್ತಿದ್ದರು, ನಾನು ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು ನೆಗೆಟಿವ್‌ಗಳಿಗೆ ಟಚಪ್ ಮಾಡುತ್ತಿದ್ದೆ. ಚೂಪು ಮಾಡಿದ ಪೆನ್ಸಿಲ್‌ನಿಂದ ನೆಗೆಟಿವ್ ಮೇಲೆ ಕಂಡೂ ಕಾಣದಂಥ ಗೆರೆ ಎಳೆದರೆ ಸಾಕು, ಪ್ರಿಂಟಿನಲ್ಲಿ ಮೊಡವೆ ಮಾಯ, ಸುಕ್ಕು ಮಾಯ, ಕಣ್ಣ ಕೆಳಗಿನ ಕಪ್ಪು ಮಾಯ. ನನ್ನ ಪೆನ್ಸಿಲ್ಲಿನ ಪುಣ್ಯದಿಂದ ಎಷ್ಟೋ ಜನ ಇಂದಿಗೂ ತಮ್ಮ ಮನೆ ಗೋಡೆಯ ಮೇಲೆ ಚೆಂದವಾಗಿದ್ದಾರೆ.

ಅವರು ತೀರಿಕೊಂಡ ಮೇಲೆ ಅವರ ಬಗ್ಗೆ ಒಂದು ಪುಸ್ತಕ ಬರೆಯಲು ಕೂತೆ. ಪಕ್ಕದ ಪ್ರೆಸ್ಸಿನವರು ಅಚ್ಚು ಹಾಕಿಕೊಡಲು ಒಪ್ಪಿದ್ದರು. ಮುಖಪುಟದ ಫೋಟೊ ಕೂಡ ತಯಾರಿತ್ತು: ಮದುವೆಯಾದ ಹೊಸತರಿಂದ ನಮ್ಮ ಸ್ಟುಡಿಯೋದ ಶೋಕೇಸಿನಲ್ಲಿದ್ದ ಅವರದೇ ದೊಡ್ಡ ಚಿತ್ರ. ಚಿಕ್ಕಂದಿನಲ್ಲಿ ಸಿಡುಬು ಬಂದು ಅವರ ಕೆನ್ನೆ ತುಂಬ ಕುಳಿ ಬಿದ್ದಿತ್ತು. ಆ ಚಿತ್ರದಲ್ಲಿ ಹುಡುಕಿದರೂ ಒಂದು ಕುಳಿ ಸಿಗದು. ನನ್ನ ಕೈಚಳಕಕ್ಕೆ ಅದಕ್ಕಿಂತ ಒಳ್ಳೆಯ ಜಾಹೀರಾತು ಬೇಕಿರಲಿಲ್ಲ.

ತೊಂದರೆ ಇದ್ದದ್ದು ಕಾಗದಗಳದ್ದು. ಶಾಲೆ, ಕಾರ್ಖಾನೆಗಳ ಗ್ರೂಪ್ ಫೋಟೊ ತೆಗೆಯಲು ಅವರು ಊರೂರು ಸುತ್ತುತ್ತಿದ್ದರು. ಅಲ್ಲಿಂದ ನನಗೆ ಬರೆಯುತ್ತಿದ್ದದ್ದು ಬರೀ ಕೆಲಸದ ಮಾತು. 'ನೆಗೆಟಿವ್ ಕಳಿಸಿದ್ದೇನೆ. ಹಿಂದಿನ ಸಾಲಿನ ಮೇಸ್ತ್ರಿ ಕಣ್ಣು ಮುಚ್ಚಿದ್ದಾನೆ, ತೆರೆಸು. ಮ್ಯಾನೇಜರನಿಗೆ ಎರಡು ಗದ್ದ ಇದೆ, ಒಂದು ಸಾಕು.' ಇಂಥದ್ದನ್ನು ಇಟ್ಟುಕೊಂಡು ಪುಸ್ತಕ ಬರೆಯಲಾದೀತೇ? ಮನಸ್ಸು ಬಿಚ್ಚಿ ಬರೆದದ್ದೆಲ್ಲ ಅವರ ತಂಗಿಗೆ. ಆ ಕಟ್ಟು ನನ್ನ ನಾದಿನಿಯ ಬೀರುವಿನಲ್ಲಿತ್ತು. ಅದು ಸಿಗದೆ ನನ್ನ ಪುಸ್ತಕ ಮುಂದೆ ಹೋಗುವಂತಿರಲಿಲ್ಲ.

ನಾದಿನಿ ಲೆಕ್ಕದ ಟೀಚರಾಗಿದ್ದವಳು. ನಿವೃತ್ತಿಯಾದರೂ ಎದುರಿಗೆ ಕೂತವರನ್ನು ಹೋಂವರ್ಕ್ ತೋರಿಸಲು ಬಂದವರೆಂದೇ ತಿಳಿಯುತ್ತಾಳೆ.

"ಮೊದಲು ಬರೆದಷ್ಟು ಓದಿ ಅತ್ತಿಗೆ. ಕಾಗದದ ಮಾತು ಆಮೇಲೆ," ಎಂದಳು.

ಗಂಟಲು ಸರಿಮಾಡಿಕೊಂಡು ಗತ್ತಿನಿಂದಲೇ ಓದಿದೆ. ಅವರ ತಾಳ್ಮೆ, ಗಿರಾಕಿಗಳ ಮೇಲಿನ ಪ್ರೀತಿ, ಒಂದು ದಿನವೂ ದನಿ ಏರಿಸದ ಸ್ವಭಾವ. ಅವಳು ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಕನ್ನಡಕ ಒರೆಸಿಕೊಂಡಳು.

"ಚೆನ್ನಾಗಿದೆ. ಯಾರಿದು?"

"ಯಾರಿದು ಅಂದ್ರೆ? ನಿಮ್ಮಣ್ಣ."

"ನಮ್ಮಣ್ಣಂಗೆ ಕೋಪ ಮೂಗಿನ ತುದೀಲೇ ಇರ್ತಿತ್ತು. ಟ್ರೈಪಾಡ್ ಅಲ್ಲಾಡಿಸಿದ ಅಂತ ಮದುಮಗನ್ನೇ ಸ್ಟುಡಿಯೋದಿಂದ ಆಚೆ ಹಾಕಿದ್ನಲ್ಲ, ಅವನೆಲ್ಲಿ? ಈ ಸಂಭಾವಿತ ನಂಗೆ ಯಾವತ್ತೂ ಕಾಗದ ಬರೆದಿಲ್ಲ. ಬರೆದವನನ್ನ ಕರ್ಕೊಂಡು ಬನ್ನಿ, ಕಟ್ಟು ಕೊಡ್ತೀನಿ."

ನನಗೆ ಮೈಯೆಲ್ಲ ಉರಿಯಿತು. ಹಾಳೆಗಳನ್ನು ಬ್ಯಾಗಿಗೆ ತುರುಕಿಕೊಂಡು, ಕಾಫಿಯನ್ನೂ ಮುಟ್ಟದೆ ಎದ್ದು ಬಂದೆ. ಅವರ ಜೊತೆ ಬಾಳಿದವಳು ನಾನು. ನನ್ನ ಗಂಡನನ್ನು ನನಗೇ ಪರಿಚಯ ಮಾಡಿಸಲು ಇವಳ್ಯಾರು ಎಂದು ದಾರಿಯುದ್ದಕ್ಕೂ ಗೊಣಗಿದೆ.

ಮನೆಗೆ ಬಂದವಳೇ ಹಾಳೆಗಳನ್ನು ಟಚಪ್ ಮೇಜಿನ ಮೇಲೆ ಹರಡಿದೆ. ಅವಳದೇ ತಪ್ಪೆಂದು ತೋರಿಸಲು ಓದತೊಡಗಿದವಳಿಗೆ ನಡುವೆಯೇ ನಗು ಬಂತು. ಕೋಪ ಎಂದಿರಬೇಕಾದ ಕಡೆಯೆಲ್ಲ ಶಿಸ್ತು ಎಂದು ಬರೆದಿದ್ದೆ. ಜಿಪುಣತನ ಮಿತವ್ಯಯವಾಗಿತ್ತು. ನನ್ನ ಮೇಲೆ ಮುನಿಸಿಕೊಂಡು ಅವರು ಮಾತು ಬಿಟ್ಟಿದ್ದ ಒಂದು ಚಳಿಗಾಲವಂತೂ ಪೂರ್ತಿ ಮಾಯ. ಗಿರಾಕಿಗಳ ಮುಖಕ್ಕೆ ಮಾಡುವುದನ್ನೇ ಗಂಡನ ಬಾಳಿಗೂ ಮಾಡಿದ್ದೆ. ಕುಳಿ ಕಂಡಲ್ಲೆಲ್ಲ ಕೈ ತಾನಾಗಿ ಓಡಿತ್ತು. ಪಳಗಿದ ಕೈ, ಅದನ್ನೇನು ಬೈಯುವುದು.

ಮತ್ತೆ ಮೊದಲಿನಿಂದ ಬರೆದೆ. ಮದುಮಗನನ್ನು ಆಚೆ ಹಾಕಿದ್ದು, ಗಿರಾಕಿ ಕುರ್ಚಿಯಿಂದ ಏಳುವ ಮೊದಲೇ ದೀಪ ಆರಿಸುತ್ತಿದ್ದದ್ದು, ಗೋಡೆ ನಡುಗಿಸುವ ಗೊರಕೆ, ಎಲ್ಲ ಬಂತು. ಮಾತು ಬಿಟ್ಟಿದ್ದ ಆ ಚಳಿಗಾಲವೂ ಬಂತು. ಆಗ ನನ್ನ ಕಾಲು ಸೆಟೆದುಕೊಳ್ಳುತ್ತದೆಂದು ಅವರು ದಿನಾ ಈ ಮೇಜಿನ ಕೆಳಗೆ ಬಿಸಿನೀರಿನ ಬಾಟಲಿ ಇಟ್ಟು, ಇಟ್ಟವರು ತಾವಲ್ಲವೆಂಬಂತೆ ಮುಖ ಊದಿಸಿಕೊಂಡು ಹೋಗುತ್ತಿದ್ದರು. ಮುನಿಸನ್ನು ಅಳಿಸಿದಾಗ ಆ ಬಾಟಲಿಯೂ ಅಳಿಸಿಹೋಗಿತ್ತು. ಅದನ್ನು ಬರೆಯುವಾಗ ಅಳು ತಡೆಯಲಾಗಲಿಲ್ಲ. ಅವರು ಬೇಕೆನಿಸಿತು, ಮುಖ ಊದಿಸಿಕೊಂಡೇ ಇರಲಿ, ಬೇಕೆನಿಸಿತು.

ಎರಡನೆಯ ಸಲ ಓದುವಾಗ ನಾದಿನಿ ಕಣ್ಣು ಮುಚ್ಚಲಿಲ್ಲ. ಮದುಮಗನ ಕಥೆಗೆ ಬಿದ್ದು ಬಿದ್ದು ನಕ್ಕಳು. ಬಾಟಲಿಯ ಕಥೆ ಬಂದಾಗ ಎದ್ದು ಬೀರುವಿನ ಕಡೆ ನಡೆದಳು.

"ಬಂದ ನೋಡಿ ನಮ್ಮಣ್ಣ," ಎಂದು ಕಟ್ಟನ್ನು ನನ್ನ ಮಡಿಲಿಗೆ ಹಾಕಿದಳು. "ಆದ್ರೆ ಇದರಲ್ಲಿ ನೀವೂ ಇದೀರಿ. ಪೆನ್ಸಿಲ್ ಮುಟ್ಟಿಸೋ ಹಾಗಿಲ್ಲ."

"ನನಗೇನಾಗಿದೆ?"

"ಓದಿ, ಗೊತ್ತಾಗತ್ತೆ."

ಗೊತ್ತಾಯಿತು. ನನ್ನ ಬಾಯಿ ಬಲು ಜೋರೆಂದೂ, ಯಾರಾದರೂ ಹೊಗಳಿದರೆ ಆ ದಿನವೆಲ್ಲ ನಾನು ನೆಲದ ಮೇಲೆ ನಡೆಯುವುದಿಲ್ಲವೆಂದೂ ಬರೆದಿದ್ದರು. ಸುಳ್ಳೇನಲ್ಲ. ಇದ್ದದ್ದು ಇದ್ದ ಹಾಗೆ ಅಚ್ಚಾಗಲಿ ಎಂದು ಗುರುತು ಹಾಕುತ್ತ ಹೋದೆ. ಒಂದು ಕಾಗದದ ಹತ್ತಿರ ಮಾತ್ರ ಕೈ ನಿಂತಿತು.

'ನಿನ್ನ ಅತ್ತಿಗೆ ದಿನಾ ಬೆಳಿಗ್ಗೆ ಸ್ಟುಡಿಯೋ ತೆರೆದೊಡನೆ ಮೆತ್ತನೆ ಬಟ್ಟೆ ತಂದು ಶೋಕೇಸಿನ ಸುಂದರಾಂಗನ ಮುಖ ಒರೆಸುತ್ತಾಳೆ. ನಾನು ಡಾರ್ಕ್ ರೂಮಿನ ಬಾಗಿಲಲ್ಲಿ ನಿಂತು ನೋಡುತ್ತೇನೆ. ನಗಬೇಡ, ನನಗೆ ಅವನನ್ನು ಕಂಡರೆ ಹೊಟ್ಟೆಕಿಚ್ಚು.'

ಜೊತೆಗಿದ್ದಷ್ಟು ಕಾಲ ನನ್ನ ಕಿವಿಗೆ ಈ ಒಂದು ಮಾತು ಹಾಕಬಾರದಿತ್ತೇ ಎಂದು ಸಿಟ್ಟು ಬಂತು. ಸಿಟ್ಟಿನಲ್ಲೇ ಎದ್ದು ಶೋಕೇಸಿನ ಚಿತ್ರದ ನೆಗೆಟಿವ್ ಹುಡುಕಿ ತೆಗೆದೆ. ಟರ್ಪೆಂಟೈನ್ ಮುಟ್ಟಿಸಿದರೆ ಪೆನ್ಸಿಲ್ಲಿನ ಗೆರೆ ಬಿಟ್ಟುಕೊಳ್ಳುತ್ತದೆ. ಕಲಿಯುವಾಗ ಕೆಟ್ಟುಹೋದ ಕೆಲಸವನ್ನು ಹಾಗೆ ಅಳಿಸುತ್ತಿದ್ದೆ. ಚೆನ್ನಾಗಿ ಬಂದದ್ದನ್ನು ಅಳಿಸಲು ಹೊರಟದ್ದು ಇದೇ ಮೊದಲು.

ನೆಗೆಟಿವನ್ನು ದೀಪದ ಗಾಜಿನ ಮೇಲಿಟ್ಟು, ಹತ್ತಿ ಅದ್ದಿ, ಹಣೆಯಿಂದ ಶುರುಮಾಡಿದೆ. ಕೆನ್ನೆಯ ಕುಳಿಗಳು ಒಂದೊಂದಾಗಿ ಎದ್ದು ಬಂದವು. ಮುಖಪುಟಕ್ಕೆ ಹೋಗುವುದು ಇದೇ, ಪ್ರೆಸ್ಸಿನವರು ಏನು ಬೇಕಾದರೂ ಅನ್ನಲಿ. ಗೆರೆಗಳೆಲ್ಲ ಹೋದ ಮೇಲೂ ನಾನು ಆ ಮುಖವನ್ನು ಮೆಲ್ಲಗೆ ಒರೆಸುತ್ತಲೇ ಇದ್ದೆ.