ಅನುಸೂಯಳ ಮಗಳು ಕಳಸ ಹಿಡಿದದ್ದು

ಹಿರಿಯೂರು–ಹೊಸದುರ್ಗ ಬಸ್ಸಿನಲ್ಲಿ ಕಂಡಕ್ಟರ್ ಅನುಸೂಯಳ ದನಿ ಕೇಳಿದರೆ ಫುಟ್‌ಬೋರ್ಡಿನ ಮೇಲೆ ನಿಂತ ಕಾಲೇಜು ಹುಡುಗರು ತಾವಾಗಿಯೇ ಒಳಗೆ ಸರಿಯುತ್ತಿದ್ದರು. ಆಕೆಗೆ ಮದುವೆಯಾಗಿರಲಿಲ್ಲ. ಬೇಡವೆಂದು ಹಟ ಹಿಡಿದವಳೇನಲ್ಲ. ನೋಡಲು ಬಂದ ಗಂಡುಗಳಲ್ಲಿ ಒಬ್ಬ, ಮದುವೆಯಾದ ಮೇಲೆ ಕೆಲಸ ಬಿಡಬೇಕು ಎಂದ. ಇನ್ನೊಬ್ಬ, ಕೆಲಸ ಇರಲಿ, ಸಂಬಳ ಮಾತ್ರ ನಮ್ಮಪ್ಪನ ಕೈಗೆ ಕೊಡಬೇಕು ಎಂದ. ಇಬ್ಬರಿಗೂ ಕಾಫಿ ಕೊಟ್ಟು ಹೋಗಿಬನ್ನಿ ಎಂದಳು. ಆಮೇಲೆ ಯಾರೂ ಬರಲಿಲ್ಲ, ಅವಳೂ ಕಾಯಲಿಲ್ಲ.

ನಲವತ್ತು ಹತ್ತಿರವಾಗುತ್ತಿದ್ದಾಗ ಅವಳು ಹರಿಯಬ್ಬೆ ಕಡೆಯ ತನ್ನ ಗೊಲ್ಲರಹಟ್ಟಿಗೆ ಹೋಗಿ, ಒಂದು ಮಗುವನ್ನು ದತ್ತು ತೆಗೆದುಕೊಳ್ಳುತ್ತೇನೆ ಎಂದು ಹೇಳಿದಳು. ತಾಯಿ ಸಿದ್ದಕ್ಕ ಜಗಲಿಯ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಿದ್ದವಳು ಹಾಗೇ ಕತ್ತರಿಸುತ್ತಾ ಹೋದಳು. ಕುರಿ ರೊಪ್ಪದ ಬಾಗಿಲು ಕಟ್ಟುತ್ತಿದ್ದ ಅಣ್ಣ ಜುಂಜಣ್ಣ ಹಗ್ಗ ಬಿಟ್ಟು ಈಚೆ ಬಂದ.

"ಹೊರಗಿನ ಕೂಸು ಯಾಕೆ ಬೇಕು ನಿನಗೆ? ನಮ್ಮ ಶಿವು ಇಲ್ವಾ? ಕರ್ಕಂಡು ಹೋಗಿ ಹಿರಿಯೂರಾಗೆ ಇಸ್ಕೂಲಿಗೆ ಸೇರಿಸು. ಅವನೇ ನಿನ್ನ ಮಗ ಅಂದ್ಕಾ."

"ಶಿವುಗೆ ನೀನಿದೀಯ, ಅತ್ತಿಗೆ ಅವಳೆ. ಅವನು ನಿನ್ನ ಮಗ. ನಿನ್ನ ಮಗನ್ನ ಸಾಕಿಕೊಡಾಕೆ ನಾನು ಕೇಳ್ತಿಲ್ಲಣ್ಣ. ನನಗೆ ನನ್ನ ಮಗು ಬೇಕು."

"ಗಂಡ ಇಲ್ಲದೋಳು ಕೂಸು ಎತ್ಕಂಡು ಹಟ್ಟಿಗೆ ಬಂದ್ರೆ ಜನ ಏನಂತಾರೆ ಗೊತ್ತೈತಾ?"

"ಬಸ್ಸಿನಾಗೆ ದಿನಾ ಜನ ಏನೇನೋ ಅಂತಾರೆ. ಟಿಕೆಟ್ ಕೊಟ್ಟು ಮುಂದಕ್ಕೆ ಹೋಗ್ತೀನಿ."

ಅರ್ಜಿ ಹಾಕಿದ ಕೆಲವು ವಾರಗಳ ಮೇಲೆ ಮನೆ ನೋಡಲು ದತ್ತು ಕೇಂದ್ರದ ಸಮಾಜ ಕಾರ್ಯಕರ್ತೆಯೊಬ್ಬರು ಹಿರಿಯೂರಿಗೆ ಬಂದರು. ಅನುಸೂಯಳದ್ದು ಎರಡು ಕೋಣೆಯ ಬಾಡಿಗೆ ಮನೆ. ಸುದ್ದಿ ತಿಳಿದ ಜುಂಜಣ್ಣ ಯಾರೂ ಕರೆಯದಿದ್ದರೂ ಬಂದು ಬಾಗಿಲಲ್ಲೇ ನಿಂತ. ಕಾರ್ಯಕರ್ತೆ ಅವನ ಅಭಿಪ್ರಾಯವನ್ನೂ ಕೇಳಿದರು. ಅವನು ಮುಚ್ಚಿಡಲಿಲ್ಲ. "ಇವಳು ಬೆಳಗಾಗೆದ್ದು ಬಸ್ಸು ಹತ್ತಿದ್ರೆ ಮನೆ ಕಾಣೋದು ಸಂಜಿಗೇ ಮೇಡಂ. ಜ್ವರ ಬಂದ್ರೆ ನೋಡೋರಿಲ್ಲ. ಇಂತೋಳಿಗೆ ಕೂಸು ಕೊಟ್ರೆ ಆ ಕೂಸಿನ ಗತಿ ಏನು? ನೀವೇ ಯೋಚನೆ ಮಾಡ್ರಿ."

ಕಾರ್ಯಕರ್ತೆ ಅನುಸೂಯಳ ಕಡೆ ತಿರುಗಿದರು. "ಇದಕ್ಕೆ ನೀವೇನಂತೀರಿ?"

"ಅವನು ಹೇಳಿದ್ದರಾಗೆ ಸುಳ್ಳಿಲ್ಲ ಮೇಡಂ," ಎಂದಳು ಅನುಸೂಯ. "ಬೆಳಗ್ಗೆ ಹೋಗ್ತೀನಿ, ಸಂಜಿಗೆ ಬರ್ತೀನಿ. ನಮ್ಮಣ್ಣ ಕುರಿ ಹೊಡ್ಕಂಡು ಮೇವು ಹುಡುಕ್ಕಂಡು ಹೋದ್ರೆ ತಿಂಗಳುಗಟ್ಲೆ ಹಟ್ಟಿ ಕಡೆ ಬರಲ್ಲ. ಅವನಿಗೆ ಇಬ್ರು ಮಕ್ಕಳು. ಅವನಿಗೆ ಮಕ್ಕಳಾಗೋ ಮುಂಚೆ ಯಾರೂ ಬಂದು, ಮನೇಲಿ ಇರ್ತೀಯೇನಪ್ಪ ಅಂತ ಕೇಳ್ಲಿಲ್ಲ."

ಗೋಡೆಯಾಚೆಯಿಂದ ಪಕ್ಕದ ಮನೆಯ ಯಲ್ಲಕ್ಕ ಕತ್ತು ಚಾಚಿದಳು. ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ವಿಧವೆ. "ಹಗಲು ಹೊತ್ತು ನಾನು ನೋಡ್ಕಂತೀನಿ. ನನ್ನ ಹೆಸರೂ ಬರ್ಕಳ್ರಿ ಮೇಡಂ," ಎಂದಳು.

ಕೈಗೂಸೇ ಬೇಕೆಂದು ಅನುಸೂಯ ಪಟ್ಟು ಹಿಡಿಯಲಿಲ್ಲ. ಕಲಬುರಗಿಯ ದತ್ತು ಕೇಂದ್ರದಲ್ಲಿ ಐದು ವರ್ಷದ ಹುಡುಗಿ ಇದ್ದಾಳೆ, ಎಡಗೈ ಮೇಲೆ ಹಳೆಯ ಸುಟ್ಟ ಕಲೆ ಇದೆ, ಅದಕ್ಕೇ ಎರಡು ಕಡೆಯವರು ಬೇಡ ಎಂದಿದ್ದಾರೆ ಎಂದು ತಿಳಿಯಿತು. ಅನುಸೂಯ ರಜೆ ಹಾಕಿ ಹೊರಟಳು. ಹುಡುಗಿಯ ಹೆಸರು ಕೀರ್ತನಾ. ಬಾಗಿಲ ಹಿಂದೆ ನಿಂತಿದ್ದಳು. "ನಮ್ಮನೆಗೆ ಬರ್ತೀಯಾ?" ಎಂದರೆ, "ನಾ ಒಲ್ಲೆ," ಎಂದಳು. ಅನುಸೂಯಳಿಗೆ ನಗು ಬಂತು. ಬೇಡವಾದದ್ದನ್ನು ಬೇಡ ಎನ್ನಬಲ್ಲ ಮಗು ಎಂದು ಅವಳಿಗೆ ಮೊದಲ ನೋಟಕ್ಕೇ ಹಿಡಿಸಿಬಿಟ್ಟಿತು. ಮಾರನೆಯ ದಿನವೂ ಹೋಗಿ ಕುಳಿತಳು, ಅದರ ಮಾರನೆಯ ದಿನವೂ. ಕೊನೆಗೆ ಹುಡುಗಿ ತಾನಾಗಿ ಬಂದು, ಬಸ್ಸಿನ ಸೀಟಿ ಹೇಗೆ ಊದುತ್ತಾರೆ ಎಂದು ಕೇಳಿದಳು.

ಹಿರಿಯೂರಿಗೆ ಬಂದ ಮೊದಲ ದಿನಗಳು ಸಲೀಸಾಗಿರಲಿಲ್ಲ. ಕೀರ್ತನಾ ಊಟಕ್ಕೆ ಕೊಟ್ಟ ಚಪಾತಿಯಲ್ಲಿ ಒಂದನ್ನು ಮಡಚಿ ದಿಂಬಿನ ಕೆಳಗೆ ಇಡುತ್ತಿದ್ದಳು. ಅನುಸೂಯ ಬೈಯಲಿಲ್ಲ. ಒಂದು ಸ್ಟೀಲ್ ಡಬ್ಬಿ ತಂದು, "ಇದು ನಿಂದು. ಇದರಾಗೆ ಯಾವಾಗ್ಲೂ ತಿಂಡಿ ಇರ್ತೈತೆ, ಯಾರೂ ಮುಟ್ಟಲ್ಲ," ಎಂದು ಹಾಸಿಗೆಯ ಪಕ್ಕ ಇಟ್ಟಳು. ದಿಂಬಿನ ಕೆಳಗೆ ಇಡುವುದು ನಿಂತಾಗ ಮಳೆಗಾಲ ಮುಗಿದಿತ್ತು. ಅಷ್ಟರಲ್ಲಿ ಚಿತ್ರದುರ್ಗದ ಜಿಲ್ಲಾಧಿಕಾರಿ ಕಚೇರಿಯಿಂದ ದತ್ತು ಆದೇಶ ಬಂತು. ಆ ದಿನ ಅನುಸೂಯ ಡಿಪೋದವರಿಗೆಲ್ಲ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದಳು. ಯಲ್ಲಕ್ಕನ ಹೂವಿನ ಬುಟ್ಟಿಯ ಹತ್ತಿರ ಯಾರೋ "ಯಾರ ಕೂಸಮ್ಮ ಇದು?" ಎಂದು ಕೇಳಿದಾಗ ಕೀರ್ತನಾ, "ಕಂಡಕ್ಟರಮ್ಮನ ಮಗಳು," ಎಂದಳಂತೆ. ಅದನ್ನು ಯಲ್ಲಕ್ಕನ ಬಾಯಿಂದ ಕೇಳಿ ಅನುಸೂಯ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಹಟ್ಟಿಯಿಂದ ಯಾರೂ ಮಗುವನ್ನು ನೋಡಲು ಬರಲಿಲ್ಲ. ತಾಯಿಯೂ ಬರಲಿಲ್ಲ. ಅನುಸೂಯಳನ್ನು ಹೆಚ್ಚು ನೋಯಿಸಿದ್ದು ಅದೇ.

ಮುಂದಿನ ಬೇಸಿಗೆಯಲ್ಲಿ ಜುಂಜಣ್ಣ ಬಂದ. ಮಗಳು ಯಶೋದಾಳ ಮದುವೆ ಭರಮಸಾಗರದ ಹುಡುಗನ ಜೊತೆ ಗೊತ್ತಾಗಿತ್ತು. ಲಗ್ನಪತ್ರಿಕೆ ಕೊಟ್ಟು, ನೆಲ ನೋಡುತ್ತಾ ಹೇಳಿದ: "ನೀನು ಸೋದರತ್ತೆ, ಬರದಿದ್ರೆ ಆಗಲ್ಲ. ಕೂಸನ್ನ ಮಾತ್ರ ಯಲ್ಲಕ್ಕನ ಹತ್ರ ಬಿಟ್ಟು ಬಾ. ಕಾಟಲಿಂಗಪ್ಪಜ್ಜ ಹೇಳಿ ಕಳಿಸ್ಯಾನೆ." ಕಾಟಲಿಂಗಪ್ಪ ಹಟ್ಟಿಯ ಹಿರಿಯ. ಅವನ ಮಾತು ಮೀರಿ ಅಲ್ಲಿ ಮದುವೆ ನಡೆಯುತ್ತಿರಲಿಲ್ಲ.

"ಬಂದ್ರೆ ಇಬ್ರೂ ಬರ್ತೀವಿ," ಎಂದಳು ಅನುಸೂಯ. "ಅದು ಆಗಲ್ಲ ಅಂದ್ರೆ ಈ ಪತ್ರಿಕೆ ವಾಪಸ್ ತಗಂಡು ಹೋಗು."

ಜುಂಜಣ್ಣ ಪತ್ರಿಕೆಯನ್ನು ಅಲ್ಲೇ ಬಿಟ್ಟು ಎದ್ದು ಹೋದ.

ಮದುವೆಯ ದಿನ ಅನುಸೂಯ ಮಗಳಿಗೆ ಹಸಿರು ಲಂಗ ಹಾಕಿಸಿ, ಯಲ್ಲಕ್ಕ ಕಟ್ಟಿಕೊಟ್ಟ ಕನಕಾಂಬರ ಮುಡಿಸಿ, ಕೈ ಹಿಡಿದು ಹಟ್ಟಿಗೆ ನಡೆದಳು. ಉದ್ದ ತೋಳಿನ ರವಿಕೆ ಹಾಕಿ ಕಲೆ ಮುಚ್ಚಬಹುದಿತ್ತು. ಅವಳು ಗಿಡ್ಡ ತೋಳಿನದ್ದನ್ನೇ ಹೊಲಿಸಿದ್ದಳು. ಚಪ್ಪರದ ಬಾಗಿಲಲ್ಲೇ ಕಾಟಲಿಂಗಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಕುಳಿತಿದ್ದ.

"ಈ ಕೂಸು ಯಾವ ಬೆಡಗು?" ಎಂದ. ಬೆಡಗು ಎಂದರೆ ಕುಲದ ಕವಲು.

"ನನ್ನ ಬೆಡಗೇ ಅಜ್ಜ."

"ಬೆಡಗು ಅಪ್ಪನ ಕಡೆಯಿಂದ ಬರ್ತೈತೆ."

"ಹಂಗಾದ್ರೆ ಇವಳಿಗೆ ಅಪ್ಪನೂ ನಾನೇ ಅನ್ಕಳ್ರಿ," ಎಂದು ಅನುಸೂಯ ನಿಲ್ಲದೆ ಒಳಗೆ ಹೋದಳು.

ಮುಂದಿನ ಸಾಲಿನಲ್ಲಿ ಇಬ್ಬರೂ ಕುಳಿತರು. ಪಕ್ಕದಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹಿಂದೆ ಹೋದರು. ಕೀರ್ತನಾ ಅತ್ತ ಇತ್ತ ನೋಡಿ, "ಇಲ್ಲಿ ಯಾರೂ ಯಾಕ ಕುಂದ್ರವಲ್ರು?" ಎಂದು ಕೇಳಿದಳು.

"ನಾವು ಆರಾಮಾಗಿ ಕಾಲು ಚಾಚಿ ಕುಂತ್ಕಳ್ಳಲಿ ಅಂತ," ಎಂದಳು ಅನುಸೂಯ. ಮಗು ನಿಜಕ್ಕೂ ಕಾಲು ಚಾಚಿತು.

ಧಾರೆಗೆ ಮುಂಚೆ ಮದುಮಗಳ ಪಕ್ಕ ಕಳಸ ಹಿಡಿದು ನಿಲ್ಲಲು ಮನೆತನದ ಹೆಣ್ಣುಮಗು ಬೇಕು. ದಾಯಾದಿಯವರ ಹುಡುಗಿಯೊಬ್ಬಳನ್ನು ಸಿಂಗರಿಸಿ ನಿಲ್ಲಿಸಿದ್ದರು. ಯಶೋದಾ ಹಸೆಯ ಮೇಲಿಂದಲೇ, "ಕೀರ್ತನಾ ಹಿಡೀಲಿ," ಎಂದಳು.

"ಸುಮ್ನಿರಲೇ," ಎಂದ ಜುಂಜಣ್ಣ.

"ಯಾಕೆ ಸುಮ್ನಿರಲಿ? ನನಗೆ ಒಡಹುಟ್ಟಿದ ತಂಗಿ ಇಲ್ಲ. ಸೋದರತ್ತೆ ಮಗಳು ಎದುರಿಗೇ ಕುಂತವಳೆ. ಅವಳು ಹಿಡಿದ್ರೇನೇ ನಾನು ಧಾರೆಗೆ ನಿಲ್ಲೋದು."

ಕಾಟಲಿಂಗಪ್ಪ ಕೋಲು ಊರಿ ಎದ್ದ. "ಆ ಕೂಸು ಕಳಸ ಮುಟ್ಟಿದ್ರೆ ನಾವು ಇಲ್ಲಿ ಎಲೆ ಮುಂದೆ ಕೂರಲ್ಲ."

ಯಶೋದಾ ಹೀಗೆ ಕೇಳುತ್ತಾಳೆಂದು ಅನುಸೂಯಳಿಗೆ ಗೊತ್ತಿರಲಿಲ್ಲ. ಇಷ್ಟು ಜನರ ಮುಂದೆ ಯಾರಾದರೂ ಮಗುವಿನ ಕೈಯಿಂದ ಕಳಸ ಕಿತ್ತುಕೊಂಡರೆ ಎಂದು ಅವಳಿಗೆ ಭಯವಾಯಿತು. ಬಗ್ಗಿ ಮಗಳನ್ನೇ ಕೇಳಿದಳು. "ಹಿಡೀತೀಯಾ? ಬ್ಯಾಡ ಅಂದ್ರೆ ಬ್ಯಾಡ."

ಕೀರ್ತನಾ ಎಲ್ಲರ ಮುಖವನ್ನೂ ಒಮ್ಮೆ ನೋಡಿದಳು. "ಹಿಡೀತೀನಿ. ನೀ ಬಾಜೂಕ ನಿಂದ್ರಬೇಕು."

ಆಗ ಸಿದ್ದಕ್ಕ ಎದ್ದಳು. ಇಷ್ಟು ದಿನ ಬಾಯಿ ಬಿಡದಿದ್ದ ಮುದುಕಿ ನೇರವಾಗಿ ಹೋಗಿ ಆ ಇನ್ನೊಂದು ಹುಡುಗಿಯ ಕೈಯಿಂದ ಕಳಸ ಇಸಿದುಕೊಂಡಳು. "ನಾನು ಈ ಮನೆಗೆ ಬಂದಾಗ ನನ್ನ ಬೆಡಗು ಬ್ಯಾರೆ ಇತ್ತು ಕಾಟಲಿಂಗಪ್ಪ. ಬಂದ ಮ್ಯಾಲೆ ಇದೇ ಆತು. ಅವತ್ತು ನಿಮ್ಮಪ್ಪ ನನ್ನನ್ನ ಬಾಗಿಲಾಗೆ ನಿಲ್ಲಿಸಲಿಲ್ಲ. ಈ ಕೂಸೂ ಈ ಮನೆಗೆ ಬಂದೈತೆ." ಹಾಗೆ ಹೇಳಿ ಕಳಸವನ್ನು ಕೀರ್ತನಾಳ ಕೈಗೆ ಕೊಟ್ಟಳು. ಸುಟ್ಟ ಕಲೆಯ ಕೈಯನ್ನು ತನ್ನ ಅಂಗೈಯಲ್ಲಿ ಒಂದು ಗಳಿಗೆ ಹಿಡಿದಿದ್ದಳು.

ಕಾಟಲಿಂಗಪ್ಪ ಹೊರಟ. ಅವನ ಹಿಂದೆ ಚಪ್ಪರದ ಅರ್ಧ ಜನ ಎದ್ದರು. ಜುಂಜಣ್ಣ ಅವರನ್ನು ಬೇಡಿಕೊಳ್ಳುತ್ತಾ ಚಪ್ಪರದ ಹೊರಗಿನವರೆಗೂ ಓಡಿ, ಒಬ್ಬನೇ ಹಿಂದಿರುಗಿದ. ಭರಮಸಾಗರದ ಬೀಗರು ತಮ್ಮತಮ್ಮಲ್ಲಿ ಗುಸುಗುಸು ಮಾತಾಡಿಕೊಂಡರು. ಆದರೆ ಮದುಮಗ ಮುಹೂರ್ತ ಮೀರುತ್ತಿದೆ ಎಂದ. ಧಾರೆ ನಡೆಯಿತು. ಕೀರ್ತನಾ ಕೊನೆಯವರೆಗೂ ಕಳಸ ಇಳಿಸಲಿಲ್ಲ. ಕೈ ನೋಯುತ್ತಿದೆ ಎಂದು ನಡುವೆ ಒಮ್ಮೆ ಪಿಸುಗುಟ್ಟಿದಳು, ಅನುಸೂಯ ತಳಕ್ಕೆ ತನ್ನ ಕೈ ಕೊಟ್ಟಳು.

ಸಾಯಂಕಾಲ ಹೊರಡುವಾಗ ಜುಂಜಣ್ಣ ದಾರಿಗೆ ಅಡ್ಡ ನಿಂತ. ಅನ್ನ, ಪಾಯಸ ಹಂಡೆಗಟ್ಟಲೆ ಉಳಿದಿತ್ತು. ಅವನ ಕಣ್ಣು ಕೆಂಪಾಗಿತ್ತು. "ನಿನ್ನಿಂದ ಇವತ್ತು ಹಟ್ಟಿ ಎರಡಾತು," ಎಂದ.

"ಆಗ್ಲಿ ಅಣ್ಣ. ಎರಡರಾಗೆ ಒಂದರಾಗಾದ್ರೂ ನನ್ನ ಮಗಳಿಗೆ ಜಾಗ ಐತೆ. ಮೊದಲು ಅದೂ ಇರಲಿಲ್ಲ."

ಅವನು ಪಕ್ಕಕ್ಕೆ ಸರಿದ. ಅವನು ಮತ್ತೆ ಯಾವತ್ತಾದರೂ ಮಾತಾಡಿಸುತ್ತಾನೋ ಇಲ್ಲವೋ ಅನುಸೂಯಳಿಗೆ ತಿಳಿಯಲಿಲ್ಲ. ಆದರೂ ಅವಳು ಕ್ಷಮಿಸು ಎನ್ನಲಿಲ್ಲ.

ರಸ್ತೆಗೆ ಬಂದ ಮೇಲೆ ಕೀರ್ತನಾ ಕೇಳಿದಳು. "ಆ ಮುತ್ಯಾ ಯಾಕ ಎದ್ದು ಹೋದ?"

"ಅವನಿಗೆ ಸಿಟ್ಟು ಬಂತು."

"ನನ ಮ್ಯಾಲ?"

"ಅಲ್ಲ, ನನ್ನ ಮ್ಯಾಲೆ. ಬರ್ಲಿ ಬಿಡು."

ಮಗು ಸ್ವಲ್ಪ ದೂರ ಯೋಚಿಸುತ್ತಾ ನಡೆಯಿತು. "ಇನ್ನೊಂದು ಮದಿವಿ ಆದ್ರ ಮತ್ತ ಬರೂಣೇನು?"

"ಕರೆದ್ರೆ ಬರಾಣ," ಎಂದಳು ಅನುಸೂಯ. "ಕರೀದಿದ್ರೂ ಬರಾಣ."