ಪಂಪಿನ ಹಗ್ಗ

“ನಗೋದಕ್ಕೆ ಕೂಲಿ ಕೊಡ್ತಾ ಇದೀನೇನ್ರೇ, ಲೌಡಿಯರಾ?” ಬಿಸಿಲಿಗೆಂದು ಗುಂಡಿಯ ಮೇಲೆ ಹೊದಿಸಿದ್ದ ಟಾರ್ಪಾಲಿನ ಅಂಚಿನಿಂದ ಮೇಸ್ತ್ರಿ ಕಿರುಚಿದ.

ಗುಂಡಿಯೊಳಗೆ ನಾವು ಮೂವರು ಬಿದ್ದು ಬಿದ್ದು ನಗುತ್ತಿದ್ದೆವು. ಓರಗಿತ್ತಿ ಮಣ್ಣಿನ ಬುಟ್ಟಿಯನ್ನು ತಲೆಗೆ ಕವುಚಿಕೊಂಡಿದ್ದಳು, ಅಷ್ಟಕ್ಕೇ. ನನ್ನ ತಲೆ ಹತ್ತಿಯಂತೆ ಹಗುರ. ಕಾಲು ಮಾತ್ರ ಬೇರೆ ಯಾರದ್ದೋ.

ಬೆಳಿಗ್ಗೆ ಚರಂಡಿಗೆ ಅಗೆಯುವಾಗ ಗುದ್ದಲಿ ಗ್ಯಾಸಿನ ಹಳದಿ ಕೊಳವೆಗೆ ತಾಗಿ ಬುಸ್ಸೆಂದಿತ್ತು. ಮೇಸ್ತ್ರಿ ಗೋಣಿ ಸುತ್ತಿಸಿ ಹಸಿಮಣ್ಣು ಮೆತ್ತಿಸಿದ. “ಗ್ಯಾಸಿನವ್ರಿಗೆ ಹೇಳಿದ್ರೆ ಕೆಲ್ಸ ನಿಲ್ಲಿಸ್ತಾರೆ. ಬಾಯ್ಮುಚ್ಕೊಂಡು ಅಗೀರಿ.” ಸ್ವಲ್ಪ ಹೊತ್ತು ಕೊಳೆತ ಮೊಟ್ಟೆಯ ನಾತವಿತ್ತು. ಆಮೇಲೆ ಇಲ್ಲವಾಯಿತು. ಮಣ್ಣು ಕಚ್ಚಿಕೊಂಡಿತು ಅಂದುಕೊಂಡೆವು.

ಶೆಡ್ಡಿಗೆ ಹೋಗಿ ಮಗುವಿಗೆ ಹಾಲೂಡಿಸಿ ಬಂದ ಅತ್ತಿಗೆ ಬೀದಿಯ ತಿರುವಿನಲ್ಲೇ ಮೂಗು ಮುಚ್ಚಿದಳು. “ಥೂ, ಏನ್ ನಾತಾನ್ರೇ! ಮೇಲೆ ಬರ್ರೇ!”

“ಯಾವ ನಾತ? ನಿನ್ ಸೀರೇದೇ ಇರ್ಬೇಕು!” ಎಂದೆ. ಮತ್ತೆ ನಗು.

“ನಾತ ಹೋಗಿಲ್ವೇ ಮುಂಡೇವಾ, ನಿಮ್ ಮೂಗು ಸತ್ತಿದೆ!” ಜುಟ್ಟು ಹಿಡಿದು ಒಬ್ಬೊಬ್ಬರನ್ನೇ ಮೇಲೆಳೆದಳು.

ಮೇಸ್ತ್ರಿ ಗುಂಡಿಯ ನೀರೆತ್ತುವ ಪೆಟ್ರೋಲ್ ಪಂಪನ್ನು ಚಾಲೂ ಮಾಡಲು ಚಕ್ರಕ್ಕೆ ಹಗ್ಗ ಸುತ್ತುತ್ತಿದ್ದ. ಒಂದು ಕಿಡಿ ಸಾಕಿತ್ತು. ಬೀದಿಯುದ್ದಕ್ಕೂ ಮನೆಗಳು, ಹಿಂದಿನ ಶೆಡ್ಡಿನಲ್ಲಿ ನಮ್ಮ ಮಕ್ಕಳು.

ಅತ್ತಿಗೆ ಹಗ್ಗ ಕಿತ್ತುಕೊಂಡು ತನ್ನ ಸೊಂಟಕ್ಕೆ ಬಿಗಿದಳು. “ಈಗ ಶುರು ಮಾಡೋ, ನೋಡೋಣ!”

“ಹಗ್ಗ ಕೊಡೇ! ಚರಂಡಿ ಗಬ್ಬಿಗೆ ನಾಟಕ ಆಡ್ತೀರಾ? ನಾನೇ ಇಳೀತೀನಿ, ಯಾವ ಗ್ಯಾಸು ನನ್ನ ತಿನ್ನುತ್ತೋ ನೋಡ್ತೀನಿ!” ಟಾರ್ಪಾಲಿನಡಿ ನುಸುಳಿ ಇಳಿದೇಬಿಟ್ಟ.

ನಾವು ಓಡಿದೆವು. ಮಕ್ಕಳನ್ನು ಬಯಲಿಗೆ ಅಟ್ಟಿ ಮನೆ ಮನೆಗೆ ನುಗ್ಗಿದೆವು. “ಒಲೆ ಆರ್ಸಿ! ಸ್ವಿಚ್ ಮುಟ್ಬೇಡಿ! ಹೊರಗೆ ಬನ್ನಿ!” ಬೆಲ್ ಒತ್ತಲಿಲ್ಲ, ಅಂಗೈಯಲ್ಲಿ ಬಡಿದೆವು.

“ಏಯ್, ಬಾಗಿಲು ಮುಟ್ಬೇಡ!” ಒಬ್ಬ ಯಜಮಾನ ಕೂಗಿದ.

“ಬಾಗಿಲು ಆಮೇಲೆ ತೊಳ್ಕೊಳ್ರೀ, ಮೊದ್ಲು ಜೀವ ಹೊರಗೆ ತನ್ನಿ!”

ಪಾಲಿಶ್ ಹೊಡೆದ ಬಾಗಿಲುಗಳ ಮೇಲೆ ಒಂದೊಂದಾಗಿ ನಮ್ಮ ಕೆಸರುಗೈ ಮೂಡುವುದು ನೋಡಿ ನನಗೆ ಮತ್ತೆ ನಗು ಉಕ್ಕಿತು. ಈ ನಗು ಗ್ಯಾಸಿನದಲ್ಲ.

ಬೀದಿ ಬರಿದಾಯಿತು. ಗ್ಯಾಸಿನವರಿಗೆ ಯಾರೋ ದೂರದಿಂದ ಫೋನು ಮಾಡುತ್ತಿದ್ದರು. ಆಗ ಟಾರ್ಪಾಲಿನಡಿಯಿಂದ ಕೇಳಿಸಿತು: ಮೇಸ್ತ್ರಿ ಒಬ್ಬನೇ ನಗುತ್ತಿದ್ದ. ಕಿಸಿಕಿಸಿ, ಚಿಕ್ಕ ಹುಡುಗನ ಹಾಗೆ.

ಟಾರ್ಪಾಲು ಕಿತ್ತೆಸೆದೆವು. ಅತ್ತಿಗೆ ಸೊಂಟದ ಹಗ್ಗ ಬಿಚ್ಚಿ, ಅಂಚಿನಲ್ಲಿ ಬೋರಲು ಮಲಗಿ, ಮುಖ ಆಚೆ ತಿರುಗಿಸಿ ತುದಿ ಇಳಿಬಿಟ್ಟಳು. ನಾವು ಅವಳ ಕಾಲು ಹಿಡಿದೆವು.

“ಹಗ್ಗ ಹಗ್ಗ ಅಂತಿದ್ಯಲ್ಲೋ ಬೇವರ್ಸಿ, ಹಿಡ್ಕೋ!”

ಕೆಳಗೆ ನಗು ನಿಂತಿತ್ತು.